ಯುರೋವಿಷನ್ ನೋಡಲು ಕೂರುವ ಮೊದಲು

ಚಿ. ಅನನ್ಯಾಳಿಗೆ ಸೋದರತ್ತೆಯ ಆಶೀರ್ವಾದಗಳು.

ಸ್ಟಾಕ್‌ಹೋಮಿನ ಆಫೀಸಿನಲ್ಲಿ ಫೀಕಾ ಎನ್ನುವ ಕಾಫಿ ವಿರಾಮದ ಹೊತ್ತಿಗೆ ಎಲ್ಲರ ಬಾಯಲ್ಲೂ ಯುರೋವಿಷನ್, ನಿನಗೆ ಅದರ ತಲೆಬುಡ ತಿಳಿಯದು, ಫೈನಲ್ ನೋಡಲು ಮನೆಗೆ ಕರೆದಿದ್ದಾರೆ, ಹೋಗಲೋ ಬೇಡವೋ ಎಂದು ಕೇಳಿದ್ದೀಯ. ಹೋಗು ಪುಟ್ಟಿ. ಯುರೋವಿಷನ್ ಎಂದರೆ ದೇಶಕ್ಕೊಂದು ಹಾಡು ಕಳಿಸಿ ವರ್ಷಕ್ಕೊಮ್ಮೆ ನಡೆಸುವ ಯುರೋಪಿನ ಹಾಡಿನ ಸ್ಪರ್ಧೆ. 2025ರವರೆಗೆ ಸ್ವೀಡನ್ 7 ಸಲ ಗೆದ್ದಿದೆ. ಅಷ್ಟು ಗೆದ್ದ ಇನ್ನೊಂದು ದೇಶ ಐರ್ಲೆಂಡ್ ಮಾತ್ರ. ತಮ್ಮ ಹಾಡನ್ನು ಆರಿಸಲು ಸ್ವೀಡನ್ನಿನವರು ಚಳಿಗಾಲದ ಶನಿವಾರಗಳಲ್ಲಿ ಮೆಲೋಡಿಫೆಸ್ಟಿವಾಲೆನ್ ಎಂಬ ಸ್ಪರ್ಧೆ ನಡೆಸುತ್ತಾರೆ. ಅವರ ಬಾಯಲ್ಲಿ ಬರುವ 'ಮೆಲ್ಲೋ' ಅದೇ. "ಈ ಸಲದ ಮೆಲ್ಲೋದಲ್ಲಿ ನಿಮಗೆ ಹಿಡಿಸಿದ ಹಾಡು ಯಾವುದು? ಅದು ಗೆದ್ದಿತೇ?" ಎಂದು ಕೇಳಿ ನೋಡು. ಆಮೇಲಿನ ಅರ್ಧ ಗಂಟೆ ಅವರೇ ಮಾತಾಡುತ್ತಾರೆ.

ಕಚೇರಿ ಕೇಳಿ ಬೆಳೆದ ಕಿವಿ ನಿನ್ನದು. ಇಲ್ಲಿ ಒಂದು ಹಾಡಿಗೆ ಇರುವುದು 3 ನಿಮಿಷ, ತಂಬೂರಿ ಶ್ರುತಿ ಮಾಡುವಷ್ಟೂ ಹೊತ್ತಲ್ಲ. ವೇದಿಕೆಯ ಮೇಲೆ 6 ಜನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಮುಖ್ಯ ಗಾಯನ ಅಲ್ಲೇ ಲೈವ್ ಆಗಿ ಹಾಡಬೇಕು, ವಾದ್ಯವೆಲ್ಲ ಮೊದಲೇ ರೆಕಾರ್ಡ್ ಆದದ್ದು. ಆರ್ಕೆಸ್ಟ್ರಾ ಕೊನೆಯ ಸಲ ಇದ್ದದ್ದು 1998ರಲ್ಲಿ. ಹಾಗಾಗಿ ಗಿಟಾರ್ ಹಿಡಿದವನು ನಿಜವಾಗಿ ನುಡಿಸುತ್ತಿಲ್ಲ ಎಂದು ಕಳ್ಳನನ್ನು ಹಿಡಿದವಳ ಹಾಗೆ ಹೇಳಬೇಡ, ಅದು ಅಲ್ಲಿ ಎಲ್ಲರಿಗೂ ಗೊತ್ತು. ಕುಣಿತ ಮುಗಿಸಿ ಕೊನೆಯ ಏರು ಸ್ವರಕ್ಕೆ ಬಂದಾಗ ಉಸಿರು ಉಳಿದಿದೆಯೇ ಎಂಬುದನ್ನು ಗಮನಿಸು. ಹೆಚ್ಚಿನ ಹಾಡುಗಳು ಎಡವುವುದು ಅಲ್ಲೇ. ಬೆಂಕಿ, ಹೊಗೆ, ಬೆಳಕಿನ ಅಬ್ಬರವೇ ಇದರ ಆಕರ್ಷಣೆ ಎಂದುಕೊಳ್ಳಲೂ ಬೇಡ. 2017ರಲ್ಲಿ ಪೋರ್ಚುಗಲ್‌ನ ಸಲ್ವಾಡೋರ್ ಸೊಬ್ರಾಲ್ ಕುಣಿತದ ತಂಡವೂ ಇಲ್ಲದೆ, ತನ್ನ ಭಾಷೆಯಲ್ಲೇ ಮೆಲ್ಲಗೆ ಹಾಡಿ 758 ಅಂಕ ಪಡೆದು ಗೆದ್ದ.

ನನ್ನ ಮಟ್ಟಿಗೆ ಇದರ ನಿಜವಾದ ರುಚಿ ಇರುವುದು ಅಂಕ ಎಣಿಕೆಯಲ್ಲಿ. ಅದನ್ನು ಸರಿಯಾಗಿ ತಿಳಿದುಕೋ. ಪ್ರತಿ ದೇಶದ ತೀರ್ಪುಗಾರರು ತಮ್ಮ ಮೆಚ್ಚಿನ 10 ಹಾಡಿಗೆ 12, 10, ಆಮೇಲೆ 8ರಿಂದ 1ರವರೆಗೆ ಕೊಡುತ್ತಾರೆ. ಆ ದೇಶದ ಪ್ರೇಕ್ಷಕರ ವೋಟಿಗೂ ಅಷ್ಟೇ ಅಂಕ, ಬೇರೆಯಾಗಿ. ತೀರ್ಪುಗಾರರು ನೋಡುವುದು ಹಿಂದಿನ ರಾತ್ರಿಯ ಡ್ರೆಸ್ ರಿಹರ್ಸಲ್! ಫೈನಲ್‌ನಲ್ಲಿ ಯಾರದ್ದಾದರೂ ಗಂಟಲು ಕೈಕೊಟ್ಟರೂ ತೀರ್ಪುಗಾರರು ಕೊಟ್ಟ ಅಂಕ ಕೆಳಗಿಳಿಯದಿರುವುದು ಅದಕ್ಕೇ. ಪ್ರೇಕ್ಷಕರ ಅಂಕವನ್ನು ತೀರ್ಪುಗಾರರ ಪಟ್ಟಿಯ ತಳದಿಂದ ಮೇಲಕ್ಕೆ ಓದುತ್ತಾರೆ, ಮೊದಲ ಸ್ಥಾನದಲ್ಲಿರುವವರ ಅಂಕ ತಿಳಿಯುವುದು ಕಟ್ಟಕಡೆಗೆ. 2023ರಲ್ಲಿ ಫಿನ್ಲೆಂಡಿನ ಕ್ಯಾರಿಯಾಗೆ ಪ್ರೇಕ್ಷಕರಿಂದ 376 ಬಂತು. ಸ್ವೀಡನ್ನಿನ ಲೊರೀನ್‌ಗೆ 243 ಮಾತ್ರ. ಆದರೆ ತೀರ್ಪುಗಾರರಿಂದ ಆಕೆಗೆ 340 ಮೊದಲೇ ಸಿಕ್ಕಿತ್ತು, ಆತನಿಗೆ 150. ಲೆಕ್ಕ ಹಾಕಿ ನೋಡು, 583ಕ್ಕೆ 526. ಆ ಮನೆಯಲ್ಲಿ ಫಿನ್ಲೆಂಡಿನವರಿದ್ದರೆ ಈ ವಿಷಯ ತೆಗೆಯುವಾಗ ಮೆದುವಾಗಿರು, ಗಾಯ ಇನ್ನೂ ಹಸಿಯಾಗಿರಬಹುದು.

ಗ್ರೀಸ್ ಮತ್ತು ಸೈಪ್ರಸ್ ಒಂದಕ್ಕೊಂದು 12 ಕೊಟ್ಟುಕೊಂಡರೆ "ಎಲ್ಲ ರಾಜಕೀಯ" ಎಂದು ತಳ್ಳಿಹಾಕಬೇಡ. ಎರಡು ಕಡೆಯೂ ಒಂದೇ ಭಾಷೆ, ರೇಡಿಯೋದಲ್ಲಿ ಅದೇ ಗಾಯಕರು. ಗಾಜಾ ಯುದ್ಧ, ಇಸ್ರೇಲ್ ವಿಷಯ ಹಾಗಲ್ಲ. ಇಸ್ರೇಲ್ ಭಾಗವಹಿಸುವುದನ್ನು ವಿರೋಧಿಸಿ 2026ರಲ್ಲಿ ಸ್ಪೇನ್, ಐರ್ಲೆಂಡ್, ನೆದರ್‌ಲ್ಯಾಂಡ್ಸ್, ಸ್ಲೊವೇನಿಯಾ, ಐಸ್‌ಲ್ಯಾಂಡ್ ಹಿಂದೆ ಸರಿದವು. ಆ ಮಾತು ಬಂದರೆ ಮೊದಲು ಕೇಳಿಸಿಕೋ.

ನೀನಿರುವುದು ಸ್ವೀಡನ್ನಿನಲ್ಲಾದ್ದರಿಂದ ಸ್ವೀಡನ್ನಿಗೆ ವೋಟು ಹಾಕಲು ಬರುವುದಿಲ್ಲ. ಮೊದಲ ಹಾಡು ಶುರುವಾಗುವಾಗಲೇ ವೋಟಿಂಗ್ ತೆರೆದಿದ್ದರೂ ಆತುರಪಡಬೇಡ, ಕೊನೆಯ ಹಾಡಿನವರೆಗೆ ಕಾಯಿ. ಒಂದು ಹಾಳೆಯಲ್ಲಿ ದೇಶ, ಗಾಯನ, ವೇದಿಕೆ ಎಂದು ಮೂರು ಗೆರೆ ಎಳೆದುಕೋ. ಜೊತೆಗೆ ಪ್ರತಿ ಹಾಡಿಗೂ 'ಹಸಿರು ಕೋಟು', 'ಪಿಟೀಲು' ಎಂಬಂಥ ಒಂದು ಗುರುತು ಬರೆ. 25ರ ಸುಮಾರು ಹಾಡು ಸಾಲಾಗಿ ಬರುವಾಗ ಹತ್ತರ ನಂತರ ಯಾವುದು ಯಾರದ್ದೆಂದು ಕಲಸಿಹೋಗುತ್ತದೆ. ಎರಡನೆಯದಾಗಿ ಹಾಡಿದವರು 2025ರವರೆಗೆ ಒಮ್ಮೆಯೂ ಗೆದ್ದಿಲ್ಲ ಎಂಬುದನ್ನು ಆ ಹಾಡು ಬರುವ ಹೊತ್ತಿಗೆ ಹೇಳು, ಎಲ್ಲರೂ ನಿನ್ನ ಕಡೆ ತಿರುಗುತ್ತಾರೆ.

ರಾತ್ರಿ 9ಕ್ಕೆ ಶುರುವಾದರೆ ಮುಗಿಯುವಾಗ ಒಂದರ ಹತ್ತಿರ. ಶನಿವಾರ ಮೆಟ್ರೋ ರಾತ್ರಿಯಿಡೀ ಓಡುತ್ತದೆ, ಹೆದರಬೇಡ. ಅಲ್ಲಿ ಚಿಪ್ಸ್ ಇದ್ದೇ ಇರುತ್ತದೆ, ನೀನು ಕೋಡುಬಳೆ ತೆಗೆದುಕೊಂಡು ಹೋಗು, ಖಾರ ಸ್ವಲ್ಪ ಕಡಿಮೆ ಹಾಕು. ಅಲ್ಲಿ ಶುರುವಾಗುವಾಗ ಇಲ್ಲಿ ಮಧ್ಯರಾತ್ರಿ 12:30, ನಾನೂ ಎದ್ದು ನೋಡುತ್ತಿರುತ್ತೇನೆ. ತೀರ್ಪುಗಾರರ ಅಂಕ ಶುರುವಾಗುವ ಮೊದಲೇ ನಿನ್ನ ಹಾಳೆಯ ಫೋಟೋ ಕಳಿಸು, ಆಮೇಲೆ ತಿದ್ದುವಂತಿಲ್ಲ.

ನಿನ್ನ
ಸೋದರತ್ತೆ