ಡಿಸ್ಕ್ ಬದಲಿಸಲು ಎಲ್ಲ ಅಳಿಸಬೇಕೇ?

ಸಂಪಾದಕರೇ,

ನನ್ನ ಕಂಪ್ಯೂಟರಿನ 120 ಜಿಬಿ ಡಿಸ್ಕ್ ತುಂಬಿಹೋಗಿತ್ತು. ಅಡಿಕೆ ಲೆಕ್ಕ, ನುಡಿ ತಂತ್ರಾಂಶ, ಮಗಳ ಮದುವೆ ಫೋಟೋ ಎಲ್ಲ ಅದರಲ್ಲೇ. ಶಿರಸಿಯ ಅಂಗಡಿಯೊಂದರಲ್ಲಿ ಕೇಳಿದರೆ, 'ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕ್ಬೇಕು, ಬೇರೆ ದಾರಿ ಇಲ್ಲ' ಅಂದರು.

ದಾರಿ ಇತ್ತು. ಅಳಿಯ ಬಂದವನು ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಇದ್ದದ್ದನ್ನು ಇದ್ದ ಹಾಗೇ 500 ಜಿಬಿಯ ಹೊಸ ಡಿಸ್ಕಿಗೆ, ಅಂದರೆ ಎಸ್‌ಎಸ್‌ಡಿಗೆ ನಕಲು ಮಾಡಿದ. ನಡುವೆ ಕರೆಂಟು ಹೋಯಿತು. ಮಳೆಗಾಲ, ಕೇಳಬೇಕೇ! ಮತ್ತೆ ಮೊದಲಿಂದ. ಆಮೇಲೂ ಸಿ ಡ್ರೈವ್ ಹಳೇ ಅಳತೆಯನ್ನೇ ತೋರಿಸಿತು. ವಿಂಡೋಸ್ ಕೆಟ್ಟರೆ ಸರಿಪಡಿಸಲೆಂದು ಡಿಸ್ಕಿನಲ್ಲೇ ಇರುವ ರಿಕವರಿ ಭಾಗ, ಸಿ ಡ್ರೈವಿಗೂ ಖಾಲಿ ಜಾಗಕ್ಕೂ ನಡುವೆ ಅಡ್ಡ ಕೂತಿತ್ತು. ಡಿಸ್ಕಿನ ಭಾಗಗಳನ್ನು ಸರಿಸುವ ತಂತ್ರಾಂಶ ಜಿಪಾರ್ಟೆಡ್‌ನಲ್ಲಿ ಅದನ್ನು ಕೊನೆಗೆ ಸರಿಸಿದ ಮೇಲೆ ಜಾಗ ಸಿಕ್ಕಿತು.

ಅಂಗಡಿಯವರು ಎರಡೂ ದಾರಿ ಹೇಳಲಿ. ದುಡ್ಡು ಸ್ವಲ್ಪ ಜಾಸ್ತಿಯಾದರೂ ಕೊಡ್ತೇವೆ, ಅಲ್ವಾ?

– ಅಡಿಕೆ ಬೆಳೆಗಾರ, ಶಿರಸಿ