ಅವನು ಒಂದು ಮಾತು ಕೇಳಬಹುದಿತ್ತು

ಸಾಗರ

ಪ್ರಿಯ ಗೆಳೆಯಾ,

ನಾವೆಲ್ಲ ಕ್ಷೇಮ. ನೀನು ಕಳಿಸಿದ ಕಾದಂಬರಿಯನ್ನು ನಿನ್ನೆ ರಾತ್ರಿ ಓದಿ ಮುಗಿಸಿದೆ. ಪರಿಚಯವೇ ಇಲ್ಲದ ಹುಡುಗ ಹುಡುಗಿ ರೈಲಿನಲ್ಲಿ ಭೇಟಿಯಾಗುತ್ತಾರೆ, ಅದೂ ನಮ್ಮ ತಾಳಗುಪ್ಪದ ರೈಲಿನಲ್ಲಿ ಎಂದು ನೀನು ಹೇಳಿದಾಗಲೇ ಆಸೆ ಹುಟ್ಟಿತ್ತು. ಹದಿಹರೆಯದವರಿಗಾಗಿ ಕನ್ನಡದಲ್ಲಿ ಬರೆಯುವವರೇ ಕಡಿಮೆ. ಹಾಗಾಗಿ ಇದು ಚೆನ್ನಾಗಿರಲಿ ಎಂದು ಮನಸಾರೆ ಬಯಸಿದ್ದೆ. ನಿರಾಸೆಯಾಯಿತು.

ಶುರುವಿನ ಪುಟಗಳನ್ನು ಮೆಚ್ಚಿಕೊಂಡೆ. ಕುಂಸಿ ದಾಟುತ್ತಲೇ ಕಿಟಕಿಯಾಚೆ ಒತ್ತಾಗುವ ಕಾಡು, ಅರಸಾಳಿನ ಪುಟ್ಟ ನಿಲ್ದಾಣ, ಹುಡುಗಿ ಮಾತಿಲ್ಲದೆ ಚೀಲ ಸರಿಸಿ ಅವನಿಗೆ ಜಾಗ ಮಾಡಿಕೊಡುವುದು, ಇಷ್ಟರವರೆಗೆ ಪುಸ್ತಕ ಕೆಳಗಿಡಲಿಲ್ಲ. ಸಾಗರ ಬರುವಷ್ಟರಲ್ಲಿ ಇಬ್ಬರಿಗೂ ಪ್ರೀತಿ ಹುಟ್ಟಿಬಿಡುತ್ತದೆ. ಹುಟ್ಟಲಿ, ಆ ವಯಸ್ಸೇ ಅಂಥದ್ದು. ಆದರೆ ಹೆಸರು, ಊರು ಯಾವುದನ್ನೂ ಹೇಳಿಕೊಳ್ಳಬಾರದೆಂದು ಅವರು ಒಪ್ಪಂದ ಮಾಡಿಕೊಳ್ಳುತ್ತಾರೆ. ಇಡೀ ಕಥೆ ನಿಂತಿರುವುದು ಅದರ ಮೇಲೆ. ನಮ್ಮ ಕಡೆ ಅದು ನಡೆಯುವ ಮಾತೇ? ಬಸ್ಸು ಹತ್ತಿದರೂ ಪಕ್ಕದಲ್ಲಿ ಕೂತವರು ಕಂಡಕ್ಟರ್ ಬರುವ ಮೊದಲೇ ‘ಯಾವ ಊರಾಯಿತು? ಯಾರ ಮನೆ?’ ಎಂದು ವಿಚಾರಿಸುತ್ತಾರೆ. ಇಳಿಯುವ ಹೊತ್ತಿಗೆ ಎಲ್ಲೋ ಒಂದು ನೆಂಟಸ್ತಿಕೆ ಹೊರಬಿದ್ದಿರುತ್ತದೆ. ಇಲ್ಲಿ ಅಪರಿಚಿತರಾಗಿ ಉಳಿಯಲು ಆ ಇಬ್ಬರು ಎಷ್ಟು ಹೆಣಗಬೇಕಿತ್ತು, ಎಷ್ಟು ಸುಳ್ಳು ಹೆಣೆಯಬೇಕಿತ್ತು! ಆ ಪೇಚಾಟವನ್ನು ಬರೆದಿದ್ದರೂ ಸಾಕಿತ್ತು. ಕಾದಂಬರಿಯಲ್ಲಿ ಯಾರೂ ಅವರನ್ನು ಏನೂ ಕೇಳುವುದಿಲ್ಲ. ಅವರೂ ಒಬ್ಬರನ್ನೊಬ್ಬರು ಕೇಳುವುದಿಲ್ಲ.

ಜೋಗದ ಅಧ್ಯಾಯದಲ್ಲಿ ಏಪ್ರಿಲ್ ರಜೆಗೆ ಬಂದವರ ಎದುರು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಭೋರ್ಗರೆಯುತ್ತವೆ. ಜೋಗಕ್ಕಿಂತ ಮೇಲೆ, ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಎದ್ದದ್ದು 1964ರಲ್ಲಿ. ಅಂದಿನಿಂದ ಬೇಸಿಗೆಯ ಜೋಗವೆಂದರೆ ಬಂಡೆಯ ಮೇಲೆ ನೀರಿನ ಒಂದೆರಡು ಎಳೆ. ಇದನ್ನಾದರೂ ಮನ್ನಿಸಬಹುದು.

ನನಗೆ ತಡೆಯಲಾಗದೆ ಹೋದದ್ದು ಆ ಅಣೆಕಟ್ಟಿನ ಹಿನ್ನೀರು ದಾಟಿಸುತ್ತಿದ್ದ ಸಿಗಂದೂರಿನ ಲಾಂಚಿನ ಪ್ರಸಂಗ. 2025ರ ಜುಲೈನಲ್ಲಿ ಸೇತುವೆ ಆಯಿತಲ್ಲ, ಕಥೆ ಅದಕ್ಕೂ ಹಿಂದಿನದು. ಅಂಬಾರಗೋಡ್ಲಿನ ದಡದಲ್ಲಿ ಕಾದು, ಬಸ್ಸು, ಜೀಪು, ಬೈಕುಗಳ ಸಂದಿಯಲ್ಲಿ ಗುರುತಿಲ್ಲದವರ ಭುಜಕ್ಕೆ ಭುಜ ತಾಗಿಸಿ ನಿಂತು ಕಳಸವಳ್ಳಿಗೆ ದಾಟುತ್ತಿದ್ದ ದಿನಗಳು ನಿನಗೂ ನೆನಪಿವೆ. ಇಬ್ಬರು ಹತ್ತಿರವಾಗಲು ಅದಕ್ಕಿಂತ ಒಳ್ಳೆಯ ಜಾಗ ಬೇಕೇ? ಹುಡುಗಿ ಕಂಬಿ ಹಿಡಿದು ನಿಂತು, ‘ನನ್ನ ಅಜ್ಜಿಯ ಮನೆ ಈ ನೀರಿನ ಕೆಳಗಿದೆ’ ಎನ್ನುತ್ತಾಳೆ. ಪುಸ್ತಕದಲ್ಲಿ ಅವಳು ಮನಸ್ಸು ಬಿಚ್ಚಿ ಆಡುವ ಮಾತು ಇದೊಂದೇ. ಅವನೇನು ಮಾಡುತ್ತಾನೆ ಗೊತ್ತೇ? ಗಾಳಿಗೆ ಹಾರುವ ಅವಳ ಮುಂಗುರುಳನ್ನು ನೋಡುತ್ತಾನೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ.

ನನಗೆ ಸಿಟ್ಟು ಬಂತು. ಬೇಸಿಗೆಯಲ್ಲಿ ಹಿನ್ನೀರು ಇಳಿದು, ಮುಳುಗಿದ ಮರಗಳ ಒಣ ಬೊಡ್ಡೆಗಳು ಮೇಲೆ ಕಾಣುತ್ತವೆ. ‘ಯಾವ ಊರು? ಎಲ್ಲಿತ್ತು ಮನೆ?’ ಎಂದು ಅವನು ಕೇಳಿದ್ದರೆ ಅವಳು ಆ ಬೊಡ್ಡೆಗಳತ್ತ ಕೈ ತೋರಿಸುತ್ತಿದ್ದಳು. ನಿಮ್ಮ ಅಜ್ಜ ಹಾಗೆಯೇ ಮಾಡುತ್ತಿದ್ದರಲ್ಲ? ಈ ಹಿನ್ನೀರಿನಲ್ಲೇ ಮುಳುಗಿರುವ ಮಡೆನೂರಿನ ಹಳೆಯ ಅಣೆಕಟ್ಟು ನೀರಿನಿಂದ ಮೇಲೆದ್ದ ವರ್ಷ ನಮ್ಮನ್ನು ದಡದಲ್ಲಿ ನಿಲ್ಲಿಸಿ, ಇಲ್ಲಿ ಅಂಗಳ, ಅಲ್ಲಿ ಕೊಟ್ಟಿಗೆ, ಅದರಾಚೆ ಅಡಕೆ ತೋಟ ಎಂದು ಬೆರಳಲ್ಲಿ ಗೆರೆ ಎಳೆದು ಹೇಳಿದ್ದರು. ಹಿನ್ನೀರಿಗೆ ಮನೆ, ತೋಟ ಕಳೆದುಕೊಂಡ ಮುಳುಗಡೆಯವರ ಮನೆಗಳಲ್ಲಿ ಆ ಗೆರೆಗಳನ್ನು ಕೇಳಿಯೇ ಬೆಳೆದ ಮಕ್ಕಳಿದ್ದಾರೆ. ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುತ್ತಿರುವವರಿದ್ದಾರೆ. ಅಂಥ ಮನೆಯ ಹುಡುಗಿ ಬಾಯಿಬಿಟ್ಟು ಹೇಳಿದಾಗಲೂ ಕಿವಿಗೊಡದವನು ಅವಳನ್ನು ಪ್ರೀತಿಸುತ್ತಾನೆಂದು ನಾನು ಹೇಗೆ ನಂಬಲಿ? ಕೊನೆಯಲ್ಲಿ ಶಿವಮೊಗ್ಗದ ನಿಲ್ದಾಣದಲ್ಲಿ ಇಬ್ಬರೂ ಮತ್ತೆ ಆಕಸ್ಮಿಕವಾಗಿ ಎದುರಾದಾಗ ನನಗೆ ಏನೂ ಅನ್ನಿಸಲಿಲ್ಲ.

ನಿನ್ನ ತಂಗಿಯ ಮಗಳಿಗೆ ಈ ಪುಸ್ತಕ ಕೊಡಬೇಕೆಂದಿದ್ದೆಯಲ್ಲ, ಕೊಡು, ಓದಲಿ. ಮುಂದಿನ ವಾರ ಶಿವಮೊಗ್ಗಕ್ಕೆ ಬರುವಾಗ ತರುತ್ತೇನೆ. ಲಾಂಚಿನ ಪುಟ ಅವಳಿಗೆ ಹೇಗೆನ್ನಿಸಿತು ಎಂದು ಕೇಳಿ ನನಗೆ ತಿಳಿಸು.

ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ.

ಇಂತಿ ನಿನ್ನ
ಗೆಳೆಯ