ಸಚಿವರೇ, ನಮ್ಮ ಮನೆಗೆ 'ಬಿ' ಕೊಟ್ಟವರು ತಾರಸಿ ಹತ್ತಲೇ ಇಲ್ಲ

ಮಾನ್ಯ ಇಂಧನ ಸಚಿವರಿಗೆ ನಮಸ್ಕಾರ.

ಮನೆಗಳಿಗೆ ಕೊಡುವ ಎನರ್ಜಿ ರೇಟಿಂಗ್, ಅಂದರೆ ಮನೆ ಎಷ್ಟು ಕಮ್ಮಿ ಇಂಧನದಲ್ಲಿ ನಡೆಯುತ್ತೆ ಅಂತ ಹೇಳುವ ದರ್ಜೆಯ ಬಗ್ಗೆ ಬರೆಯುತ್ತಿದ್ದೇನೆ. ದೂರು ಅನ್ನಿ, ಸಲಹೆ ಅನ್ನಿ, ನಿಮಗೆ ಬಿಟ್ಟಿದ್ದು. ರೇಟಿಂಗ್ ಬೇಡ ಅನ್ನುವವನಲ್ಲ ನಾನು. ಆದರೆ ಅದು ಈಗ ಜನರ ಕೈಗೆ ಬರುವ ರೀತಿ ನೋಡಿದರೆ, ಅದರಿಂದ ತಿಳಿದುಕೊಳ್ಳುವುದಕ್ಕಿಂತ ತಪ್ಪು ತಿಳಿದುಕೊಳ್ಳುವುದೇ ಜಾಸ್ತಿ.

ನಾವು ಬಾಡಿಗೆಗೆ ಬಂದ ಮನೆ ಮೇಲಿನ ಮಹಡಿಯಲ್ಲಿದೆ. ಅದರ ರೇಟಿಂಗ್ ಪ್ರಮಾಣಪತ್ರದ ಮೊದಲ ಪುಟದಲ್ಲಿ ಹಸಿರು ಪಟ್ಟಿ, ಪಟ್ಟಿಯ ಮೇಲೆ ದಪ್ಪಗೆ 'ಬಿ'. 'ಬಿ' ಅಂದರೆ ಬಿಲ್ ಕಮ್ಮಿ ಬರುತ್ತೆ ಅಂದುಕೊಂಡು ಒಪ್ಪಿಕೊಂಡೆವು. ಮೊದಲ ಬೇಸಿಗೆಯಲ್ಲೇ ಒಂದು ರಾತ್ರಿ ಹತ್ತು ಗಂಟೆಗೆ, ನಿದ್ದೆ ಬಾರದೆ, ಸ್ಟೂಲ್ ಹತ್ತಿ ಮಲಗುವ ಕೋಣೆಯ ಸೂರಿಗೆ ಅಂಗೈ ಒತ್ತಿ ನೋಡಿದೆ. ಬೆಚ್ಚಗಲ್ಲ, ಬಿಸಿ. ಹೊತ್ತು ಮುಳುಗಿ ಮೂರು ಗಂಟೆ ಆಗಿತ್ತು! ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಅದನ್ನು ನಮ್ಮ ತಲೆ ಮೇಲೆ ನಿಧಾನವಾಗಿ ಇಳಿಸುತ್ತಿತ್ತು, ಏಸಿ ಅದನ್ನು ಹೊರಗೆ ಹಾಕುತ್ತಿತ್ತು, ಸೂರು ಮತ್ತೆ ತುಂಬುತ್ತಿತ್ತು, ಮೀಟರ್ ತನ್ನ ಪಾಡಿಗೆ ಓಡುತ್ತಿತ್ತು.

ಆಗ ಪ್ರಮಾಣಪತ್ರ ತೆಗೆದು ಪೂರ್ತಿ ಓದಿದೆ. ನಾಲ್ಕನೇ ಪುಟದಲ್ಲಿ, ಕನ್ನಡಕ ಹಾಕಿದರೂ ಕಷ್ಟಪಟ್ಟು ಕಾಣುವ ಅಕ್ಷರದಲ್ಲಿ ಹೀಗಿತ್ತು: 'ತಾರಸಿ: ಶಾಖ ತಡೆಯುವ ಪದರ ಇದೆ (ಅಂದಾಜು)'. ಮನೆ ಮಾಲೀಕರನ್ನು ಕೇಳಿದೆ. ತಪಾಸಣೆಗೆ ಬಂದವರು ಅರ್ಧ ಗಂಟೆ ಇದ್ದರಂತೆ. ಟೇಪ್ ಹಿಡಿದು ಕೋಣೆಗಳ ಅಳತೆ ತೆಗೆದರು, ಬಲ್ಬ್ ಎಣಿಸಿದರು, ಮನೆ ಕಟ್ಟಿದ ವರ್ಷ ಬರೆದುಕೊಂಡರು, ಹೋದರು. ತಾರಸಿಗೆ ಹತ್ತಲಿಲ್ಲ. ಆ ಕಾಲದಲ್ಲಿ ಕಟ್ಟಿದ ಮನೆಗೆ ಇಷ್ಟು ಇರುತ್ತೆ ಅಂತ ಸಾಫ್ಟ್‌ವೇರ್ ತಾನೇ ತುಂಬಿಕೊಂಡಿದೆ.

ತಪಾಸಣೆಗೆ ಬಂದವರನ್ನು ಬೈಯುವುದಿಲ್ಲ. ಹಳೆ ಮನೆಯ ಗೋಡೆ, ಸೂರು ಒಡೆದು ನೋಡೋಕಾಗಲ್ಲ ಅಲ್ವಾ, ಹಾಗಾಗಿ ಎಷ್ಟೋ ಪದ್ಧತಿಗಳಲ್ಲಿ ಇಂಥ ಅಂದಾಜು ನಡೆಯುತ್ತದೆ. ನನ್ನ ತಕರಾರು ಇಷ್ಟೇ: 'ಬಿ' ಮೊದಲ ಪುಟದಲ್ಲಿ, 'ಅಂದಾಜು' ನಾಲ್ಕನೇ ಪುಟದಲ್ಲಿ ಯಾಕೆ?

ಇನ್ನು ಬಿಲ್ ವಿಷಯ. ಇಲ್ಲಿ ತಪ್ಪು ನಂದೂ ಇದೆ. ಈ ರೇಟಿಂಗ್ ಸಾಮಾನ್ಯವಾಗಿ ಅಳೆಯುವುದು ಮನೆಯನ್ನು, ಮನೆಯವರನ್ನಲ್ಲ. ಇಷ್ಟು ಜನ ಇರುತ್ತಾರೆ, ಇಷ್ಟು ಹೊತ್ತು ಇರುತ್ತಾರೆ, ಒಳಗೆ ಇಷ್ಟು ಡಿಗ್ರಿ ಇಟ್ಟುಕೊಳ್ಳುತ್ತಾರೆ ಅಂತ ಒಂದು ಮಾದರಿ ಸಂಸಾರವನ್ನು ಊಹಿಸಿಕೊಂಡು ಲೆಕ್ಕ ಹಾಕುತ್ತಾರೆ. ಕಾರಿನ ಕಂಪನಿ ಹೇಳುವ ಮೈಲೇಜ್ ಇದ್ದ ಹಾಗೆ. ನಮ್ಮ ಮನೆಯಲ್ಲಿ ಅಜ್ಜಿ ದಿನವಿಡೀ ಇರುತ್ತಾರೆ, ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಮಾದರಿ ಸಂಸಾರಕ್ಕೂ ನಮಗೂ ಎಲ್ಲಿಯ ಸಂಬಂಧ? ಮೀಟರ್ ನೋಡಿ, ನಿಜಕ್ಕೂ ಖರ್ಚಾದದ್ದರ ಮೇಲೆ ಕೊಡುವ ರೇಟಿಂಗೂ ಇದೆ, ಅದು ಬೇರೆಯೇ ಜಾತಿ. ಎರಡಕ್ಕೂ ಜನ ಒಂದೇ ಹೆಸರು ಹೇಳುತ್ತಾರೆ.

ಸಂಖ್ಯೆಗಳ ಗೊಂದಲ ಇನ್ನೊಂದು. ಬ್ರಿಟನ್‌ನಲ್ಲಿ ಎ ಇಂದ ಜಿ ವರೆಗೆ ದರ್ಜೆ, ಅದರ ಹಿಂದೆ ಅಂಕ, ಜಾಸ್ತಿ ಬಂದಷ್ಟೂ ಒಳ್ಳೆಯದು. 70 ಬಂದರೆ 'ಸಿ'. ಅಮೆರಿಕದ ಹರ್ಸ್ ಸೂಚ್ಯಂಕ ತಿರುಗುಮುರುಗು. 2006ರ ಕಟ್ಟಡ ನಿಯಮದ ಪ್ರಕಾರ ಕಟ್ಟಿದ ಮನೆಗೆ 100 ಅಂತ ಇಟ್ಟು, ಅಲ್ಲಿಂದ ಕಮ್ಮಿ ಆದಷ್ಟೂ ಒಳ್ಳೆಯದು. ಅಲ್ಲಿ 70 ಅಂದರೆ ಆ ಮನೆಗಿಂತ 30 ಪರ್ಸೆಂಟ್ ಉಳಿತಾಯ, ಸೊನ್ನೆ ಅಂದರೆ ವರ್ಷದಲ್ಲಿ ಬಳಸಿದಷ್ಟನ್ನೂ ತಾನೇ ಉತ್ಪಾದಿಸುವ ಮನೆ. ಆಸ್ಟ್ರೇಲಿಯಾದಲ್ಲಿ ಹತ್ತು ಸ್ಟಾರ್‌ವರೆಗೆ, ಅದು ಮುಖ್ಯವಾಗಿ ಮನೆಯ ಗೋಡೆ, ಸೂರು, ಕಿಟಕಿ ಎಷ್ಟು ಚೆನ್ನಾಗಿ ಕಾಪಾಡುತ್ತವೆ ಅನ್ನುವ ಲೆಕ್ಕ. ವಾಸದ ಮನೆಗಳು ಇಂಧನ ಉಳಿಸುವ ಹಾಗೆ ಕಟ್ಟಲು ಇರುವ ಭಾರತದ 2018ರ ಇಕೋ ನಿವಾಸ್ ಸಂಹಿತೆ ನನಗೆ ಹಿಡಿಸಿದ್ದು ಒಂದೇ ಕಾರಣಕ್ಕೆ: ಗೋಡೆ, ಕಿಟಕಿಗಳಿಂದ ಒಳಬರುವ ಶಾಖಕ್ಕೆ ಒಂದು ಮಿತಿ, ತಾರಸಿಗೆ ಬೇರೆಯದೇ ಮಿತಿ. ತಾರಸಿಯ ಪಾಪವನ್ನು ಗೋಡೆ ಮುಚ್ಚಿಹಾಕುವ ಹಾಗಿಲ್ಲ.

ಮತ್ತೆ, ಒಟ್ಟು ಖರ್ಚನ್ನು ಮನೆಯ ವಿಸ್ತೀರ್ಣದಿಂದ ಭಾಗಿಸಿ ದರ್ಜೆ ಕೊಡುವ ಈ 'ಚದರ ಮೀಟರ್‌ಗೆ ಇಷ್ಟು' ಅನ್ನುವ ಲೆಕ್ಕ. ದೊಡ್ಡ ಬಂಗಲೆಗೆ 'ಎ' ಬಂದಿರುತ್ತೆ, ಪಕ್ಕದ ಒಂದು ಕೋಣೆಯ ಮನೆಗೆ 'ಡಿ'. ಒಟ್ಟು ಯಾರು ಜಾಸ್ತಿ ಕರೆಂಟ್ ಉರಿಸುತ್ತಾರೆ ಅಂತ ಕೇಳಿದರೆ ಬಂಗಲೆಯೇ ಇರಬಹುದು. ಹಸಿರು ಪಟ್ಟಿ ಮಾತ್ರ ಅವರ ಬಾಗಿಲಿಗೆ.

ಗಾಳಿ ಸೋರಿಕೆಯನ್ನಂತೂ ನಮ್ಮಲ್ಲಿ ನೋಡಲೇ ಇಲ್ಲ. ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ, ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ತಂದು, ಎಷ್ಟು ಗಾಳಿ ಸೋರುತ್ತೆ ಅಂತ ಅಳೆಯುವ ಪರೀಕ್ಷೆ ಇದೆ. ನನ್ನ ಹತ್ತಿರ ಇದ್ದದ್ದು ಒಂದು ಊದುಬತ್ತಿ. ಗಾಳಿ ಬೀಸುವ ಸಂಜೆ ಫ್ಯಾನ್ ಎಲ್ಲ ಆರಿಸಿ, ಮುಚ್ಚಿದ ಕಿಟಕಿಯ ಚೌಕಟ್ಟಿನ ಗುಂಟ ಹಿಡಿದುಕೊಂಡು ಹೋದೆ. ಮೂರು ಕಡೆ ಹೊಗೆ ನೆಟ್ಟಗೆ ಏರಿತು. ಎಡಗಡೆ ಕೆಳಮೂಲೆಗೆ ಬಂದ ತಕ್ಷಣ ಯಾರೋ ಊದಿದ ಹಾಗೆ ಒಳಕ್ಕೆ ಬಾಗಿತು. ಅಲ್ಲಿ ರಬ್ಬರ್ ಪಟ್ಟಿಯೇ ಇರಲಿಲ್ಲ. ಒಂದು ಊದುಬತ್ತಿ ಹೇಳಿದ್ದನ್ನು ಆ ಅಷ್ಟು ಪುಟ ಹೇಳಲಿಲ್ಲ.

ಹಾಗಾಗಿ ಕೇಳುವುದು ಇಷ್ಟು. ಮೊದಲ ಪುಟದಲ್ಲಿ, ದರ್ಜೆಯ ಪಕ್ಕದಲ್ಲೇ, ಎಷ್ಟನ್ನು ಕಣ್ಣಾರೆ ನೋಡಿದರು, ಎಷ್ಟನ್ನು ಊಹಿಸಿದರು ಅಂತ ಅಷ್ಟೇ ದಪ್ಪಗೆ ಬರೆಸಿ. ಚದರ ಮೀಟರ್ ಲೆಕ್ಕದ ಜೊತೆಗೆ ವರ್ಷಕ್ಕೆ ಒಟ್ಟು ಎಷ್ಟು ಯೂನಿಟ್ ಅಂತಲೂ ಇರಲಿ. 'ಇದು ನಿಮ್ಮ ಬಿಲ್ ಅಲ್ಲ' ಅಂತ ಒಂದು ಸಾಲು ಹಾಕಿಸಿದರೆ ನನ್ನಂಥವರು ಮೋಸ ಹೋಗುವುದು ತಪ್ಪುತ್ತದೆ. ಮೊದಲು ಏನು ರಿಪೇರಿ ಮಾಡಿಸಬೇಕು ಅನ್ನುವುದೂ ಬೇಕು, ಆದರೆ ದಯವಿಟ್ಟು ಎಲ್ಲರಿಗೂ ಒಂದೇ ಪಟ್ಟಿ ಅಂಟಿಸಬೇಡಿ. ನಮ್ಮ ಪ್ರಮಾಣಪತ್ರದಲ್ಲಿ ಇದ್ದ ಮೊದಲ ಸಲಹೆ ಎಲ್‌ಇಡಿ ಬಲ್ಬ್ ಹಾಕಿಸಿ ಅಂತ. ಅವರೇ ಎಣಿಸಿಕೊಂಡು ಹೋದ ಬಲ್ಬ್‌ಗಳೆಲ್ಲ ಎಲ್‌ಇಡಿಯೇ ಆಗಿದ್ದವು!

ಕೊನೆಗೆ ಏನಾಯಿತು ಅಂತ ಹೇಳಿಬಿಡುತ್ತೇನೆ. ಮಾಲೀಕರನ್ನೇ ಒಂದು ರಾತ್ರಿ ಕರೆದು ಸ್ಟೂಲ್ ಹತ್ತಿಸಿದೆ. ಸೂರು ಮುಟ್ಟಿ ನೋಡಿ ಸುಮ್ನೆ ಇಳಿದರು. ಮುಂದಿನ ತಿಂಗಳು ತಾರಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸಿದರು. ಈಗ ರಾತ್ರಿ ಹತ್ತಕ್ಕೆ ಮುಟ್ಟಿದರೆ ಉಗುರುಬೆಚ್ಚಗೆ, ಅಷ್ಟೆ. ಪ್ರಮಾಣಪತ್ರದಲ್ಲಿ ಮಾತ್ರ ಏನೂ ಬದಲಾಗಿಲ್ಲ. ಅದರ ಪ್ರಕಾರ ಆ ತಾರಸಿ ಮೊದಲಿನಿಂದಲೂ ಸರಿಯಾಗೇ ಇತ್ತು.

ಇತಿ,
ಮೇಲಿನ ಮಹಡಿಯ ಬಾಡಿಗೆದಾರ